ಅವ್ವ ಬಂದಾಳ, ನಾರು ಎದ್ದೈತಿ, ನಾಯಿ ಕಡದೈತಿ

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ. ತುಳಸಿಗೇರಿ ಹಣಮಪ್ಪನ ಆಣಿ.

"ಅಜ್ಜಾ, ಹ್ವಾದ ಸಲಾನೂ ಹಣಮಪ್ಪನ ಆಣೀನ ಮಾಡಿದ್ದಿ," ಅಂದ್ಲು ಮಮ್ಮಗಳು.

"ಅವಾ ಏನರ ಬ್ಯಾಸರಾ ಮಾಡ್ಕೊಂಡಾನೇನು? ಇಲ್ಲಲಾ? ಮತ್ತ!"

ನಾವಿಬ್ರೂ ಬಾಗಲಕೋಟಿ ದವಾಖಾನಿ ಬಾಕಿನ ಮ್ಯಾಲ ಕುಂತಿದ್ವಿ. ಮುಂಜಾನೆ ವಿದ್ಯಾಗಿರಿಯೊಳಗ ಹಾಲು ತರಾಕ ಹ್ವಾದಾಗ ಒಂದು ಬೀದಿನಾಯಿ ನನ್ನ ಮೀನಖಂಡಕ್ಕ ಬಾಯಿ ಹಾಕಿತ್ತು. ಎಂಟನೇತ್ತಾ ಓದೋ ಈ ಹುಡುಗಿ ನಳದ ಕೆಳಗ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ಗಾಯ ತೊಳದು, "ಇವತ್ತ ಸೂಜಿ ಆಗಾಕಬೇಕು" ಅಂತ ಕೈ ಹಿಡದು ಎಳಕೊಂಡ ಬಂದಿದ್ಲು.

ಬದಾಮಿ, ಹುನಗುಂದ, ಇಳಕಲ್ಲ ದವಾಖಾನಿಯೊಳಗ ಜವಾನ ಆಗಿ, ಮಂದಿ ರಟ್ಟಿ ಹಿಡದು ಸೂಜಿ ಮಾಡಿಸಿದಾವ ನಾ. ಆದ್ರ ಸೂಜಿ ಕಂಡ್ರ ನನ್ನ ಎದಿ ಡವಡವ ಅಂತೈತಿ ಅನ್ನೂದು ನನ್ನ ಹೆಂಡ್ತಿಗೂ ಗೊತ್ತಿಲ್ಲ. ಪಾಳಿ ಬರೂದ್ರಾಗ ಮಾತಿನಾಗ ಮರಸಿ ಹುಡುಗೀನ್ನ ಮನಿಗಿ ತಿರುಗಿಸಬೇಕು ಅಂತ ವಿಚಾರ ಮಾಡಿ ಹಳೇ ರೋಗದ ಸುದ್ದಿ ತಗದೆ. ಇಂಥಾ ಫಜೀತಿ ನಮ್ಮ ಕಡೆ ನಡಕೋತನ ಬಂದಾವು, ನಡಕೋತನ ಇರ್ತಾವು. ರೋಗ ಹ್ವಾದ್ರೂ ಮನಷ್ಯಾನ ಹುಚ್ಚ ಹೋಗೂದಿಲ್ಲ. ಈ ಕುಲಾ ಇನ್ನೂ ಹೆಂಗ ಉಳದೈತೋ, ದೇವರಿಗೂ ತಿಳದಂಗಿಲ್ಲ.

ಅವ್ವ ಬಂದಾಳ

ಸಿಡುಬು ಈಗಿನ ಹುಡುಗರಿಗೆ ಗೊತ್ತಿಲ್ಲ, ಪುಣ್ಯಾ. ಮೈತುಂಬ ಗುಳ್ಳಿ ಎದ್ದು ಓಣಿಗೆ ಓಣೀನ ಖಾಲಿ ಮಾಡ್ತಿತ್ತು. ಉಳದವ್ರ ಮಾರಿ ತುಂಬ ಕುಳಿ, ಕೆಲವ್ರಿಗೆ ಕಣ್ಣ ಇಲ್ಲ. ಅದನ್ನ ಹೆಸರ ಹಿಡದು ಕರೀತಿದ್ದಿಲ್ಲ. "ಅವ್ವ ಬಂದಾಳ" ಅಂತಿದ್ರು. ಔಷಧ ಏನು? ಬಾಗಲಕ್ಕ ಬೇವಿನ ತಪ್ಪಲ ಕಟ್ಟೂದು, ಮನ್ಯಾಗ ಒಗ್ಗರಣಿ ಹಾಕದ ಇರೂದು. ಒಗ್ಗರಣಿ ವಾಸನಿಗೆ ಅವ್ವಗ ಸಿಟ್ಟ ಬರತೈತಂತ.

ಇಳಕಲ್ಲದಾಗ ಲಸಿಕಿ ಹಾಕೋ ಸಾಹೇಬ್ರ ಕೂಡ ಮನಿಮನಿ ತಿರಗತಿದ್ದೆ. ಒಬ್ಬ ನೇಕಾರನ್ನ ಸಾಹೇಬ್ರು ಕೇಳಿದ್ರು: "ಮನ್ಯಾಗ ಅವ್ವ ಬಂದಾಳೇನಪಾ?"

"ಬಂದಾಳ್ರಿ. ಎಂಟು ದಿನಾ ಆತು," ಅಂದಾ, ಕಣ್ಣಾಗ ನೀರ ತಂದು.

"ಭಾಳ ತ್ರಾಸ ಐತೇನು?"

"ಕೇಳಬ್ಯಾಡ್ರಿ. ಮನಿಮಂದಿಗೆಲ್ಲಾ ನಿದ್ದಿ ಇಲ್ಲ. ಹೋಗೋ ಲಕ್ಷಣಾನೂ ಕಾಣವಲ್ದು."

ಬಾಗಲಕ್ಕ ಬೇವು ಕಟ್ಟಿಸಿದ್ವಿ. ಒಲಿ ಮ್ಯಾಲಿನ ಒಗ್ಗರಣಿ ಇಳಿಸಿದ್ವಿ. ಒಳಗ ಯಾರೋ ಕೌದಿ ಹೊಚ್ಚಗೊಂಡು ಮಲಗಿದ್ರು. ಸಾಹೇಬ್ರು ದೂರದಿಂದನ ಕೈ ಮುಗದು, "ಶಾಂತ ಆಗ, ತಾಯಿ" ಅಂದ್ರು.

ಕೌದಿಯೊಳಗಿಂದ ದನಿ ಬಂತು: "ಶಾಂತ ಹೆಂಗ ಆಗ್ಲಿ? ಎರಡ ಸಲಾ ಚಾ ಕೇಳೇನಿ, ಇನ್ನೂ ಬಂದಿಲ್ಲ!"

ನೇಕಾರನ ಅತ್ತಿ. ಮಗಳ ಮನಿಗಿ ಬಂದು ಕುಂತಿದ್ಲು.

ಖರೆ ಸಿಡುಬು ಇದ್ದದ್ದು ಬಾಜೂ ಮನ್ಯಾಗ. ಅವ್ರು "ಇಲ್ಲಿ ಯಾರೂ ಬಂದಿಲ್ರಿ" ಅಂತ ಕೂಸಿನ್ನ ಜ್ವಾಳದ ಚೀಲದ ಹಿಂದ ಮುಚ್ಚಿಟ್ಟು ಬಾಗಲಾ ಹಾಕ್ಕೊಂಡಿದ್ರು. ಸಾಹೇಬ್ರು ತಲಿ ತಲಿ ಬಡಕೊಂಡ್ರು. ಹೆಂಗೂ ಬಂದೇವಂತ ಅತ್ತಿಗೂ ಲಸಿಕಿ ಚುಚ್ಚಿದ್ರ, ಆಕಿ ನಮ್ಮ ವಂಶಾನೆಲ್ಲಾ ಬೈಕೋತ ಅವತ್ತ ಸಂಜಿ ಬಸ್ ಹತ್ತಿದ್ಲು.

ನೇಕಾರ ಓಡಿ ಬಂದು ಸಾಹೇಬ್ರ ಕಾಲ ಹಿಡದಾ. "ಇಂಥಾ ಔಷಧ ಐತೆಂತ ಗೊತ್ತಿದ್ರ ಹ್ವಾದ ವರ್ಷನ ಕರಸ್ತಿದ್ನಲ್ರಿ!"

ನಾರಿನ ಸೀರಿ

ನಾರುಹುಣ್ಣು ಕೊಲ್ತಿದ್ದಿಲ್ಲ, ಕೊಂದಿದ್ರ ಬೇಸಿತ್ತು ಅನಸ್ತಿತ್ತು. ಪಾವಟಿಗಿ ಇಳದು ನೀರ ತುಂಬೋ ಭಾವ್ಯಾಗಿನ ಹುಳಾ ನೀರಿನ ಜೋಡಿ ಹೊಟ್ಟಿಗಿ ಹೋಗಿ, ವರ್ಷಕ್ಕ ಕಾಲಾಗಿಂದ ದಾರದಂಗ ಹೊರಗ ಬರ್ತಿತ್ತು. ಜಗ್ಗಿ ಹರದ್ರ ಒಳಗ ಕೊಳೀತಿತ್ತು. ಅದಕ್ಕ ಕಡ್ಡಿಗಿ ಸುತ್ತಿ ದಿನಾ ಒಂದೀಟೀಟ ಎಳೀಬೇಕು. ಸಾವಿರಾರು ವರ್ಷದಿಂದ ಮಂದಿ ಹಿಂಗ ಸುತಗೋತನ ಬಂದಾರಂತ.

ಅದ ಓಣ್ಯಾಗಿನ ಇನ್ನೊಬ್ಬ ನೇಕಾರಗ ನಾರು ಎದ್ದಿತ್ತು. ಅವನ ಹೆಂಡ್ತಿ ಕಡ್ಡಿ ಸಿಗಲಿಲ್ಲಂತ ನೂಲು ಸುತ್ತೋ ಕಂಡಿಕಿಗೆ ಸುತ್ತಿದ್ಲು. ಕಂಡಿಕಿ ತುಂಬಿತು. ಮತ್ತೊಂದ ತಂದ್ಲು, ಅದೂ ತುಂಬಿತು. ಮಗ್ಗದ ಮಾಲಕ ಬಂದು ನೋಡಿ, "ಈ ಬಿಳಿ ನೂಲು ಯಾವ ಅಂಗಡೀದು? ಭಾಳ ನಯ ಐತಲಾ!" ಅಂದಾ. ಒಂದ ಗೇಣ ಕಡಿಮಿ ಬಿತ್ತು, ಇಲ್ಲಾಂದ್ರ ಒಂದು ಸೀರಿ ಸೆರಗ…

"ಅಜ್ಜಾ!"

"ಗೇಣಲ್ಲ, ಎರಡ ಗೇಣ ಕಡಿಮಿ ಬಿತ್ತು. ಮುಂದ ಕೇಳ. ಡಾಕ್ಟರು ಬಂದು ಒಂದ ಮಾತು ಹೇಳಿದ್ರು: ನೀರು ಅರಿವಿಯೊಳಗ ಸೋಸಿ ಕುಡೀರಿ, ನಾರು ನಿಮ್ಮ ಹತ್ರಾ ಸುಳಿಯೂದಿಲ್ಲ. ಎಷ್ಟ ಸರಳ ನೋಡ! ಇಡೀ ಊರು ಹಗಲೆಲ್ಲಾ ಅರಿವಿ ನೇಯತಿತ್ತು. ಕೊಡದ ಬಾಯಿಗಿ ಕಟ್ಟಾಕ ಒಂದ ತುಂಡ ಅರಿವಿ ತಗೀರಿ ಅಂದ್ರ ಏನಂದ್ರು ಗೊತ್ತೇನ? 'ಅದು ಮಾರಾಕ್ರೀ!'"

ಹರವಿ ಬಾಜೂಕ ಹೆಣ

ಕಾಲರಾ ಬಂದ್ರ ಮುಂಜಾನೆ ಹೊಲಕ್ಕ ಹ್ವಾದಾವ ಸಂಜಿಗೆ ಇರ್ತಿದ್ದಿಲ್ಲ. ವಾಂತಿ-ಭೇದಿಯೊಳಗ ಮೈಯಾಗಿನ ನೀರೆಲ್ಲಾ ಖಾಲಿ. ರೋಗಿ "ನೀರ, ನೀರ" ಅಂತ ಹೊಯ್ಕೊಂಡ್ರ, "ಕೊಟ್ರ ಭೇದಿ ಹೆಚ್ಚಾಕ್ಕೈತಿ" ಅಂತ ಹನಿ ಕೊಡ್ತಿದ್ದಿಲ್ಲ. ಹಿಂದಕ ದೊಡ್ಡ ದೊಡ್ಡ ಡಾಕ್ಟರೂ ಹಂಗ ಹೇಳ್ತಿದ್ರಂತ. ರೋಗಕ್ಕ ಎಷ್ಟ ಮಂದಿ ಸತ್ರೋ, ನೀರಡಿಸಿ ಎಷ್ಟ ಮಂದಿ ಸತ್ರೋ.

"ಈಗ ಉಪ್ಪು-ಸಕ್ಕರಿ ನೀರು ಕುಡಸ್ತಾರ, ಅಜ್ಜಾ. ಸಾಲ್ಯಾಗ ಕಲಿಸ್ಯಾರ."

"ಆಗ ನಿಮ್ಮ ಸಾಲಿ ಇರಲಿಲ್ಲವ್ವಾ."

ಹುನಗುಂದದ ಹತ್ರ ಒಂದು ಹಳ್ಳಿಗೆ ನಾ ಭಾವಿಗೆ ಹಾಕೋ ಪುಡಿ ಹೊತಗೊಂಡ ಹೋಗೂದ್ರಾಗ ಒಬ್ಬಾವ ಸತ್ತಾ ಅಂತ ಗ್ವಾಡಿಗೆ ಒರಗಿಸಿ ಕುಂದ್ರಿಸಿದ್ರು. ನಮ್ಮಲ್ಲಿ ಸತ್ತವ್ರನ್ನ ಮಲಗಸೂದಿಲ್ಲಲಾ, ಕುಂದ್ರಸ್ತಾರ. ಗಡಿಬಿಡಿಯೊಳಗ ನೀರಿನ ಹರವಿ ಬಾಜೂಕ ಕುಂದ್ರಿಸಿಬಿಟ್ಟಿದ್ರು. ಹೆಂಡ್ತಿ ಅವನ ಗುಣಾ ಹಾಡಿ ಹಾಡಿ ಅಳತಿದ್ಲು: "ಒಮ್ಮಿಯೂ ಬಯ್ಯದ ನನ್ನ ದ್ಯಾವರಾ, ಕುಡದು ಮನಿಗಿ ಬರದ ನನ್ನ ಬಂಗಾರಾ…" ಹೆಂಗಸ್ರೆಲ್ಲಾ ದನಿಗೂಡಿಸಿದ ಗದ್ದಲದಾಗ ಹೆಣ ಸಾವಕಾಶ ವಾಲಿತು, ಹರವ್ಯಾಗ ಮಾರಿ ಹಾಕ್ತು, ಗಟಗಟ ಅರ್ಧಾ ಹರವಿ ಕುಡೀತು. ಕಣ್ಣ ತಗದು, "ಇನ್ನೊಮ್ಮಿ ಹಾಡಲೇ. ಮೊದಲಿನ ಸಾಲು ಕೇಳಿಲ್ಲ," ಅಂತು.

ಹೆಂಡ್ತಿ ಸೆರಗಿಲೆ ಕಣ್ಣೊರಸಿಕೊಂಡು ಅಂದ್ಲು: "ಅದು ಸತ್ತಾವಗ ಹಾಡಿದ್ದು. ಬದಕಿದ್ದಾವಗ ಅಷ್ಟೆಲ್ಲಾ ಆಗೂದಿಲ್ಲ."

ಏಳು ಭಾವಿ

ಪಾಳಿಯೊಳಗ ನಮ್ಮ ಮುಂದ ಒಬ್ಬಾವ ಅಷ್ಟ ಉಳದಿದ್ದಾ.

"ನಡಿ, ಮನಿಗಿ ಹೋಗೂಣು," ಅಂದೆ. "ಹಿಂದಕ ನಾಯಿ ಕಡದ್ರ ಏಳು ಭಾವಿ ಬಗ್ಗಿ ನೋಡ್ತಿದ್ರು. ವಿಷ ಇಳದು ಹೋಗತಿತ್ತು."

"ಯಾರಿಗೆ ಇಳೀತು, ಹೇಳ?"

ಇಲ್ಲಿ ನನ್ನ ಬಾಯಿ ಕೈ ಕೊಟ್ತು. ಸುಳ್ಳ ಬರಲಿಲ್ಲ. ಬನಶಂಕರಿಯೊಳಗ ಬಾಳಿಎಲಿ ಮಾರೋ ಗೆಳ್ಯಾ ಒಬ್ಬಾವ ಇದ್ದಾ, ಅವಗ ಹುಚ್ಚನಾಯಿ ಕಡೀತು. ಆಗ ಹೊಕ್ಕಳ ಸುತ್ತ ಹದಿನಾಕು ಸೂಜಿ. ಅದಕ್ಕ ಹೆದರಿ ಭಾವಿ ನೋಡಾಕ ಹ್ವಾದಾ. "ಏಳನೇದು ಸಿಗಲಿಲ್ಲಲೇ, ಆರನೇದ್ನ ಎರಡ ಸಲ ನೋಡಿ ಬಂದೆ," ಅಂತ ನಕ್ಕಿದ್ದಾ. ಗಾಯ ಮಾಯ್ತು. ಆಮ್ಯಾಲ ಒಂದಿನಾ ಲೋಟಾದಾಗ ನೀರ ಕೊಟ್ರ ಗಂಟಲಾ ಬಿಗದು ಚೀರಿದಾ. ಅಷ್ಟ ಭಾವಿ ಬಗ್ಗಿ ನೋಡಿದಾವಗ ಒಂದ ಲೋಟಾ ನೀರ ನೋಡಾಕ ಆಗಲಿಲ್ಲ. ಹಂಗ ಸತ್ತಾ. ಆ ರೋಗ ಒಮ್ಮಿ ಎದ್ದಿಂದ ಯಾವ ಡಾಕ್ಟರ ಕೈಯಾಗೂ ಇಲ್ಲ. ಏಳೂಕಿಂತ ಮೊದಲ ಸೂಜಿ ಆಗಬೇಕು, ಅಷ್ಟ.

ಮಮ್ಮಗಳು ನನ್ನ ಕೈ ಗಟ್ಟಿ ಹಿಡದ್ಲು. "ಅಜ್ಜಾ, ನೀ ಹ್ವಾದ್ರ ನನಗ ಸುಳ್ಳ ಹೇಳಾವ್ರು ಯಾರು?"

ಅಷ್ಟ್ರಾಗ ನರ್ಸಬಾಯಿ ಬಾಗಲಕ್ಕ ಬಂದು ಕೂಗಿದ್ಲು. "ನಾಯಿ ಕಡದಾವ್ರು ಯಾರ್ರಿ? ಒಳಗ ಬರ್ರಿ."

ಆಕಿ ಕೈಯಾಗ ಸೂಜಿ. ಈಗ ಹೊಟ್ಟಿಗಲ್ಲ, ರಟ್ಟಿಗೆ ಹಾಕ್ತಾರ, ನನಗ ಗೊತ್ತು. ಗೆಳ್ಯಾ ಹೆಂಗ ಸತ್ತಾ, ಅದೂ ಗೊತ್ತು. ಆದ್ರೂ ಬಾಯಿ ಕೇಳಬೇಕಲಾ.

"ಈಕಿಗ್ರಿ," ಅಂದೆ, ಮಮ್ಮಗಳನ್ನ ಮುಂದ ದಬ್ಬಿ. "ನಾಯಿ ಕಡದಿದ್ದು ಈ ಹುಡುಗಿಗಿ. ನಾ ಬರೇ ಜೋಡಿ ಬಂದೇನಿ."

"ಎಲ್ಲಿ ಕಡದೈತವಾ?" ಅಂತ ನರ್ಸಬಾಯಿ ಹುಡುಗೀನ್ನ ಕೇಳಿದ್ಲು.

ಮಮ್ಮಗಳು ಬಗ್ಗಿ, ನನ್ನ ಧೋತರಾ ಮೊಣಕಾಲ ತನಾ ಎತ್ತಿ ಹಿಡದು ಅಂದ್ಲು:

"ಇಲ್ನೋಡ್ರಿ ಸಿಸ್ಟರ್, ನನಗ ಇಲ್ಲಿ ಕಡದೈತಿ."