ಅಂತರಿಕ್ಷ ನೌಕೆಗೆ ಡಾಕ್ಟರಮ್ಮ ಕ್ಯಾಪ್ಟನ್ ಆದದ್ದು

ಚಿಕ್ಕ ಊರಿನಲ್ಲಿ ಕೂತು ದೊಡ್ಡ ಆಕಾಶ ತೋರಿಸಲು ಹೊರಟವರಿಗೆ ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ. ಕೋಲಾರದ ನಮ್ಮ ಕೇಬಲ್ ಚಾನೆಲ್‌ನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ಧಾರಾವಾಹಿಯೊಂದು ಬರುತ್ತದೆ. ಬರೆಯುವವನು ನಾನು. ಒಂದು ಅಂತರಿಕ್ಷ ನೌಕೆ, ಅದಕ್ಕೊಬ್ಬ ಕ್ಯಾಪ್ಟನ್, ವಾರಕ್ಕೊಂದು ಗ್ರಹ. ನೌಕೆ ನಿಂತಿರುವುದು ಮಾಲೂರಿನಲ್ಲಿ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಶೆಡ್ಡಿನೊಳಗೆ.

ಎರಡು ವರ್ಷ ಕ್ಯಾಪ್ಟನ್ ಆಗಿದ್ದ ದಪ್ಪ ಮೀಸೆಯ ನಟರು, ಬೆಂಗಳೂರಿನ ದೊಡ್ಡ ಸೀರಿಯಲ್ ಒಂದರಲ್ಲಿ ಮಾವನ ಪಾತ್ರ ಸಿಕ್ಕಿತೆಂದು ಹೊರಟುಹೋದರು. ಅದೇ ವಾರ ಮುಳಬಾಗಿಲು ಕಡೆಯ ಪಶುವೈದ್ಯೆಯೊಬ್ಬರು ದನಗಳ ಕಾಲುಬಾಯಿ ರೋಗದ ಲಸಿಕೆ ಬಗ್ಗೆ ಮಾತಾಡಲು ನಮ್ಮ ಸ್ಟುಡಿಯೋಗೆ ಬಂದಿದ್ದರು. ನಲವತ್ತು ದಾಟಿದವರು, ಕಾಲೇಜಿನಲ್ಲಿ ನಾಟಕ ಆಡಿದವರು. ರೆಕಾರ್ಡಿಂಗ್ ನಡುವೆ ಕರೆಂಟ್ ಹೋಯಿತು. ಎಲ್ಲರೂ ಎದ್ದು ತಡಕಾಡುತ್ತಿದ್ದಾಗ ಆಕೆ ಕೂತಲ್ಲಿಂದಲೇ, ದನಿ ಏರಿಸದೆ, ಯಾರೂ ಅಲುಗಾಡಬೇಡಿ, ಕಾಲಡಿ ವೈರ್ ಇದೆ ಎಂದರು. ಎಲ್ಲರೂ ಕಲ್ಲಾಗಿ ನಿಂತೆವು. ನಮ್ಮ ನಿರ್ದೇಶಕರು ಕತ್ತಲಲ್ಲೇ ನನ್ನ ಕಿವಿಯ ಹತ್ತಿರ ಬಂದು, "ಕ್ಯಾಪ್ಟನ್ ಸಿಕ್ಕಿದ್ರು ಕಣೋ" ಎಂದರು.

ಒಪ್ಪದವರು ಒಬ್ಬರೇ, ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರು. ಆದರೆ ಧಾರಾವಾಹಿಯ ಪ್ರಾಯೋಜಕರು ಅವರೇ. ನೌಕೆಯಲ್ಲಿ ಹೆಂಗಸರು ಇರಲಿ, ರೇಡಿಯೋ ನೋಡಿಕೊಳ್ಳಲಿ, ಗಾಯಕ್ಕೆ ಪಟ್ಟಿ ಕಟ್ಟಲಿ, ಕ್ಯಾಪ್ಟನ್ ಮಾತ್ರ ಗಂಡಸೇ ಆಗಬೇಕು, ಇಲ್ಲದಿದ್ದರೆ ಮಕ್ಕಳು ನಂಬುವುದಿಲ್ಲ ಎಂಬುದು ಅವರ ವಾದ. ಕೊನೆಗೆ ನಾಲ್ಕು ಕಂತು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದು ಡಾಕ್ಟರಮ್ಮನ ಎದುರಿಗೇ ಹೇಳಿದರು. ಅವರು ಬೇಡ ಎಂದರೆ ನೌಕೆ ಮತ್ತೆ ಹೆಂಚಿನ ಶೆಡ್ಡೇ.

ಅನುಮತಿ ಪತ್ರ

ಡಾಕ್ಟರಮ್ಮ ಸರ್ಕಾರಿ ನೌಕರರು. ಟೀವಿಯಲ್ಲಿ ನಟಿಸಬೇಕಾದರೆ ಮೇಲಿನವರ ಅಪ್ಪಣೆ ಬೇಕು. ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬಾರದೆಂದು ಅವರು, "ಅಂತರಿಕ್ಷ ನೌಕೆಯ ಕ್ಯಾಪ್ಟನ್ ಆಗಿ ಬೇರೆ ಬೇರೆ ಗ್ರಹಗಳಿಗೆ ಹೋಗುವ ಪಾತ್ರ" ಎಂದು ವಿವರವಾಗಿಯೇ ಬರೆದರು. ಅರ್ಜಿ ಮೂರು ಟೇಬಲ್ ದಾಟಿತು. ಎರಡನೇ ಟೇಬಲ್‌ನವರು ಫೋನ್ ಮಾಡಿ, ಈ ಪಾತ್ರ ಗಂಡಸರದ್ದಲ್ಲವೇ, ಟೈಪ್ ಮಾಡುವಾಗ ತಪ್ಪಾಗಿದೆಯೇ ಎಂದು ವಿಚಾರಿಸಿದರು. ತಪ್ಪಾಗಿಲ್ಲ ಎಂದು ಇವರು ಹೇಳಿದ ಮೇಲೆ ಅರ್ಜಿ ಹದಿನೈದು ದಿನ ಅಲ್ಲೇ ಕೂತಿತು.

ಅಂತೂ ಪತ್ರ ಬಂತು. ರಜಾ ದಿನಗಳಲ್ಲಿ ಗ್ರಹಗಳಿಗೆ ಹೋಗಿಬರಲು ಅನುಮತಿ ಇತ್ತು. ಕೆಳಗೆ ಒಂದೇ ಒಂದು ಷರತ್ತು: "ಸದರಿಯವರು ಕೇಂದ್ರಸ್ಥಾನ ಬಿಡತಕ್ಕದ್ದಲ್ಲ."

ನು ಮತ್ತು ಳು

ಈ ಎಡವಟ್ಟು ನನ್ನದೇ. ಮೀಸೆಯ ಕ್ಯಾಪ್ಟನ್‌ಗೆಂದು ಆರು ಕಂತು ಬರೆದಿಟ್ಟಿದ್ದೆ. ನಾನು ಸ್ವಲ್ಪ ಗ್ರಾಂಥಿಕವಾಗಿ ಬರೆಯುವವನು. ಬಂದನು ಎಂಬುದು ಬಂದಳು ಆಗಬೇಕು, ಹೇಳಿದನು ಎಂಬುದು ಹೇಳಿದಳು ಆಗಬೇಕು, ಅಷ್ಟೇ ತಾನೇ ಎಂದುಕೊಂಡು ಕಂಪ್ಯೂಟರಿನಲ್ಲಿ "ನು" ಇದ್ದ ಕಡೆಯೆಲ್ಲ "ಳು" ಮಾಡು ಎಂದು ಒಂದು ಗುಂಡಿ ಒತ್ತಿ, ಓದಿಯೂ ನೋಡದೆ ಪ್ರಿಂಟ್ ತೆಗೆದುಕೊಂಡು ಮಾಲೂರಿಗೆ ಹೋದೆ.

ನಾನು ಎಂಬುದೆಲ್ಲ ನಾಳು ಆಗಿತ್ತು. ನೀನು ಎಂಬುದು ನೀಳು. ಡಾಕ್ಟರಮ್ಮನಿಗೆ ಹೊಸ ಕೆಲಸ. ಬೇರೆ ಲೋಕದ ಭಾಷೆ ಹೀಗೇ ಇರಬೇಕೆಂದು ಅವರು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದರು. ಕ್ಯಾಮೆರಾ ಓಡಿತು. ನೌಕೆ ಅದುರಿತು. ಕ್ಯಾಪ್ಟನ್ ಕಿಟಕಿಯ ಕಡೆ ತಿರುಗಿ "ಏನು?" ಎನ್ನಬೇಕಿತ್ತು. ಅವರು ಗಂಭೀರವಾಗಿ "ಏಳು" ಎಂದರು. ಪೈಲಟ್ ಪಾತ್ರದವನು ಪಾಪ, ನೌಕೆ ಓಡಿಸುವುದನ್ನು ಬಿಟ್ಟು ಎದ್ದು ನಿಂತ.

ನಿರ್ದೇಶಕರು ಕಟ್ ಹೇಳಿದರು. ಡಾಕ್ಟರಮ್ಮ ಸ್ಕ್ರಿಪ್ಟ್ ಹಿಡಿದು ನನ್ನ ಹತ್ತಿರ ಬಂದು, ಇನ್ನೊಂದು ಸಾಲನ್ನು ಬೆರಳಿಟ್ಟು ತೋರಿಸಿದರು. ನಾನು ಬರೆದಿದ್ದದ್ದು "ಬಾನು ಕಪ್ಪಾಗಿದೆ, ದಾರಿ ಕಾಣದು" ಎಂದು. ಈಗ ಅಲ್ಲಿದ್ದದ್ದು "ಬಾಳು ಕಪ್ಪಾಗಿದೆ, ದಾರಿ ಕಾಣದು".

"ಅಲ್ಲ ಸಾರ್, ಕ್ಯಾಪ್ಟನ್‌ಗೆ ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ಮೆಲ್ಲಗೆ ಕೇಳಿದರು.

ಗ್ರಹದ ಪ್ರಾಣಿ

ಮೂರನೇ ಕಂತಿಗೆ ಕೋಲಾರದ ಬೆಟ್ಟದ ಬಂಡೆಗಳೇ ಗ್ರಹ. ಅಲ್ಲಿ ಒಂದು ಭಯಂಕರ ಪ್ರಾಣಿ. ಕಪ್ಪು ಕಂಬಳಿ, ಎರಡು ಕೊಂಬು, ಒಳಗೆ ನಮ್ಮ ಲೈಟ್‌ಮನ್. ಆರಡಿ ಆಳು, ಊಟ ತಡವಾದರೆ ನಿಜವಾಗಿಯೂ ಭಯಂಕರನೇ. ಪ್ರಾಣಿ ಕೂಗುತ್ತಾ ಬರಬೇಕು, ಕ್ಯಾಪ್ಟನ್ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕಿರಣದ ಬಂದೂಕು ಹಾರಿಸಬೇಕು. ಇದು ಸಾಹುಕಾರರು ಕಾಯುತ್ತಿದ್ದ ಸೀನ್.

ಪ್ರಾಣಿ ಕೂಗುತ್ತಾ ಬಂತು. ಡಾಕ್ಟರಮ್ಮ ಹಿಂದೆ ಸರಿಯಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಕೊಂಬಿಗೆ ಸಿಗದಂತೆ ಪಕ್ಕದಿಂದ ಹೋಗಿ, ಕತ್ತು ಸವರಿ, ಬೆನ್ನು ತಟ್ಟಿ, ಎರಡು ಬೆರಳಿನಲ್ಲಿ ಮೂಗು ಹಿಡಿದು ನಮ್ಮ ಕಡೆ ತಿರುಗಿ, "ಹಗ್ಗ ಕೊಡಿ" ಎಂದರು. ಪ್ರಾಣಿ ಬಾಯಿ ಮುಚ್ಚಿಕೊಂಡು ತೆಪ್ಪಗೆ ನಿಂತುಬಿಟ್ಟಿತು. ನಿರ್ದೇಶಕರಿಗೆ ಅದೇ ಹಿಡಿಸಿತು, ಹಾಗೇ ಇಟ್ಟುಕೊಂಡರು. ಸಾಹುಕಾರರು ಮಾತ್ರ ಫೋನ್ ಮಾಡಿ, ಕ್ಯಾಪ್ಟನ್ ಅಂದರೆ ಗುಂಡು ಹಾರಿಸಬೇಕು, ಬೆನ್ನು ತಟ್ಟುವುದು ಎಂಥ ಶೌರ್ಯ ಎಂದು ಬೇಸರಪಟ್ಟರು.

ಲೈಟ್‌ಮನ್‌ನನ್ನು ಕೂಗು ಯಾಕೆ ನಿಲ್ಲಿಸಿದೆ ಎಂದು ಕೇಳಿದೆ. ಅವನು ಕೊಂಬು ಬಿಚ್ಚುತ್ತಾ, "ಬೆನ್ನು ತಟ್ಟಿದ ತಕ್ಷಣ ಒಂಥರಾ ಸಮಾಧಾನ ಆಯ್ತು ಸಾರ್. ಮದುವೆ ಆದ್ಮೇಲೆ ಯಾರೂ ಹಂಗೆ ತಟ್ಟಿರ್ಲಿಲ್ಲ" ಎಂದ.

ಬೈರಕೂರಿನ ತೋಟದಲ್ಲಿ

ನಾಲ್ಕನೇ ಕಂತು, ಅಂದರೆ ತೀರ್ಪಿನ ಕಂತು. ಕಾಡು ತುಂಬಿದ ಗ್ರಹ ಬೇಕಿತ್ತು. ಬೈರಕೂರಿನ ಹತ್ತಿರ ಸಾಹುಕಾರರದ್ದೇ ಮಾವಿನ ತೋಟ. ಅಲ್ಲೇ ಮಾಡಿಕೊಳ್ಳಿ ಎಂದು ತಾವೂ ಕುರ್ಚಿ ಹಾಕಿಕೊಂಡು ಕೂತರು. ಬೆಳಿಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, ಮನಸ್ಸಿಗೆ ಬರುತ್ತಿಲ್ಲ ಕಣಯ್ಯ, ಮುಂದಿನ ವಾರದಿಂದ ಒಬ್ಬ ಗಂಡಸನ್ನು ನೋಡಿ ಎಂದಿದ್ದರು. ಡಾಕ್ಟರಮ್ಮನಿಗೆ ಹೇಗೆ ಹೇಳುವುದೆಂದು ನಾನೂ ನಿರ್ದೇಶಕರೂ ಮುಖ ಮುಖ ನೋಡಿಕೊಂಡೆವು. ಅವರು ಬೆಳ್ಳಿ ಬಣ್ಣದ ಅಂತರಿಕ್ಷ ಉಡುಪು ತೊಟ್ಟು, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಡೈಲಾಗ್ ಓದುತ್ತಿದ್ದರು.

ಅಷ್ಟರಲ್ಲಿ ಕೊಟ್ಟಿಗೆ ಕಡೆಯಿಂದ ತೋಟದ ಆಳು ಓಡಿಬಂದ. ಸಾಹುಕಾರರ ಸೀಮೆಹಸು ಈಯಲಾರದೆ ಒದ್ದಾಡುತ್ತಿತ್ತು. ಅವರ ಅಚ್ಚುಮೆಚ್ಚಿನ ಹಸು. ಸಾಹುಕಾರರು ಕುರ್ಚಿಯಿಂದ ಎದ್ದವರೇ, "ಅಯ್ಯಯ್ಯೋ, ಏಮಿ ಚೇಯಾಲಿ ಇಪ್ಪುಡು" ಎಂದು, ಏನು ಮಾಡುವುದೆಂದು ತೋಚದೆ ತೆಲುಗಿಗಿಳಿದರು. ಡಾಕ್ಟರಮ್ಮ ಹೆಲ್ಮೆಟ್ ನನ್ನ ಕೈಗೆ ಕೊಟ್ಟು ಆಗಲೇ ಕೊಟ್ಟಿಗೆಯಲ್ಲಿದ್ದರು.

ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಬಿಸಿನೀರು, ಸೋಪು, ಎಣ್ಣೆ ತರಿಸಿದರು. ಕತ್ತರಿ ಕೇಳಿ, ನಮ್ಮಲ್ಲಿದ್ದ ಒಂದೇ ಉಡುಪಿನ ಬಲತೋಳನ್ನು ಭುಜದವರೆಗೆ ಕತ್ತರಿಸಿ ಬಿಸಾಕಿದರು. ಅರ್ಧ ಗಂಟೆ ಅವರು ಹಸುವಿನ ಹಿಂದೆ ಮಂಡಿಯೂರಿ, ಕಣ್ಣು ಮುಚ್ಚಿ, ಒಳಗೆ ಬೆರಳಿನಲ್ಲೇ ಕಾಲು ಹುಡುಕಿ ಸರಿಮಾಡಿದರು. ಆಮೇಲೆ ಇಬ್ಬರಿಗೆ ಎಳೆಯಲು ಹೇಳಿದರು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಮೂಗು ಒರೆಸಿ, ಎದೆ ಉಜ್ಜಿದರು. ಅದು ಸೀನಿತು.

ಸಾಹುಕಾರರಿಗೆ ಕಣ್ಣಲ್ಲಿ ನೀರು. ತಾಯಿ, ನೀವು ದೇವರು ಎಂದು ಕೈ ಮುಗಿದರು. ನಂತರ ಆಸೆಯಿಂದ ಕರುವಿನ ಕಡೆ ಬಗ್ಗಿ, "ಏನಮ್ಮ?" ಎಂದರು.

"ಗಂಡು" ಎಂದರು ಡಾಕ್ಟರಮ್ಮ.

ಹಾಲಿನ ಹಸು ಸಾಕುವವರಿಗೆ ಗೊತ್ತು, ಗಂಡು ಕರುವಿನಿಂದ ಏನೂ ಗಿಟ್ಟುವುದಿಲ್ಲ. ಸಾಹುಕಾರರ ಮುಖ ಬಾಡಿತು. "ಥೋ, ಹೆಣ್ಣಾಗಿದ್ರೆ ಎಷ್ಟು ಚೆನ್ನಾಗಿತ್ತು" ಎಂದರು.

ಡಾಕ್ಟರಮ್ಮ ಬಕೆಟ್‌ನಲ್ಲಿ ಕೈ ತೊಳೆಯುತ್ತಾ, ತಲೆ ಎತ್ತದೆ ಹೇಳಿದರು:

"ನಾವೂ ತಿಂಗಳಿಂದ ಅದನ್ನೇ ಹೇಳ್ತಿದೀವಲ್ಲ ಸಾರ್."