ಡಿಕೇಡೆನ್ಸ್ ಸಾಹೇಬರಿಗೆ ಬ್ಯಾಂಡಿನವರ ಸಲಾಮು

ಲ್ಯಾಟಿನ್ ಮನೆತನದಲ್ಲಿ ಹುಟ್ಟಿ, ಫ್ರೆಂಚರ ಓಣಿಯಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ನೌಕರಿ ಹಿಡಿದು, ಸದ್ಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಠಿಕಾಣಿ ಹೂಡಿರುವ ಘನತೆವೆತ್ತ ಡಿಕೇಡೆನ್ಸ್ ಸಾಹೇಬರ ಸನ್ನಿಧಿಗೆ, ಘಟಪ್ರಭಾದ ಗುಲ್‌ಬಹಾರ್ ಬ್ರಾಸ್ ಬ್ಯಾಂಡ್ ಕಂಪನಿಯ ಮಾಸ್ತರ ಮಹಮ್ಮದಗೌಸ ಅದಬಿನಿಂದ ಮಾಡುವ ಸಲಾಮು ಮತ್ತು ಶರಣು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಾವು ಕ್ಷೇಮವಾಗಿದ್ದರೆ ಉಳಿದವರು ಕ್ಷೇಮವಾಗಿರುವುದಿಲ್ಲ ಎಂದು ಗೊತ್ತಿದ್ದೂ ಕೇಳುವುದು ನಮ್ಮ ಕಡೆಯ ರೀತಿ.

ತಮ್ಮ ಪರಿಚಯವಾದದ್ದು ಗೋಕಾಕದ ಒಂದು ಸಾಂಸ್ಕೃತಿಕ ಸಮಾರಂಭದಲ್ಲಿ. ದೂರದಿಂದ ಬಂದ ಮುಖ್ಯ ಅತಿಥಿಗಳನ್ನು ಸುಡುಬಿಸಿಲಿನಲ್ಲಿ ಗೇಟಿನಿಂದ ವೇದಿಕೆಯವರೆಗೆ ಬಾರಿಸುತ್ತ ಕರೆತಂದವರು ನಾವೇ. ಅವರು ಹಾರ ಹಾಕಿಸಿಕೊಂಡು, ತಣ್ಣೀರು ಕುಡಿದು, ಮೈಕಿನ ಮುಂದೆ ನಿಂತು, ಈ ಭಾಗದ ಬ್ಯಾಂಡ್ ಕಲೆ ಡಿಕೇಡೆನ್ಸ್ ಹಂತ ತಲುಪಿದೆ ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ಜರಿಯ ಕೋಟು, ತುರಾಯಿಯ ಟೋಪಿ ಹಾಕಿಕೊಂಡವರು ವೇದಿಕೆಯ ಬಾಜೂ ನಿಂತು ಚಪ್ಪಾಳೆ ತಟ್ಟದಿದ್ದರೆ ಚಂದ ಕಾಣುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ತಮ್ಮ ಹೆಸರು ಬಂದಿತ್ತು, ಅದರ ಕೆಳಗೆ ಗಲ್ಲ ಉಬ್ಬಿಸಿಕೊಂಡ ನನ್ನ ಫೋಟೋ ಇತ್ತು.

ಬಿ.ಎ. ಓದುತ್ತಿರುವ ನನ್ನ ಮಗಳು ಗುಲ್ನಾಜ ಕಾಲೇಜಿನ ದೊಡ್ಡ ನಿಘಂಟಿನಲ್ಲಿ ತಮ್ಮ ವಂಶಾವಳಿಯನ್ನು ಹುಡುಕಿಕೊಂಡು ಬಂದಳು. ತಾವೆಂದರೆ ಅವನತಿ, ಅಧೋಗತಿ, ಸುಖ ಹೆಚ್ಚಾಗಿ ಬಂದ ಕೇಡು. ಬುಡಕ್ಕೆ ಹೋದರೆ ಕೇವಲ ಕೆಳಕ್ಕೆ ಬೀಳುವುದು. ರೋಮ್ ಸಾಮ್ರಾಜ್ಯ ಬಿದ್ದದ್ದರ ಬಗ್ಗೆ ಬರೆದವರು ತಮ್ಮನ್ನು ಬಹಳ ನೆಚ್ಚಿಕೊಂಡಿದ್ದರಂತೆ. ಫ್ರಾನ್ಸಿನ ಕೆಲವು ಕವಿಗಳಂತೂ, ಜನ ಬೈಯಲು ಬಳಸಿದ ತಮ್ಮ ಹೆಸರನ್ನೇ ಬಿರುದು ಮಾಡಿಕೊಂಡು ಮೆರೆದರಂತೆ. ಈಗ ಪೇಟೆಯಲ್ಲಿ ಚಾಕಲೇಟ್ ಕೇಕಿಗೂ ತಮ್ಮ ಹೆಸರಿಟ್ಟು ಮಾರುತ್ತಾರೆ. ಒಬ್ಬರೇ ಸಾಮ್ರಾಜ್ಯವನ್ನೂ ಕೆಡವಿ ಕೇಕಿನ ಮೇಲೂ ಕೂತಿದ್ದೀರಿ ಎಂದರೆ ತಮ್ಮ ಹಿರಿಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮ್ಮ ಖಾಸಾ ತಮ್ಮನಾದ ಡಿಕೇ ಅವರನ್ನು ನಾವು ಮೊದಲಿನಿಂದ ಬಲ್ಲೆವು. ಹಲ್ಲಿನ ಡಾಕ್ಟರರ ಬಳಿ ಅವರಿಗೆ ಕಾಯಂ ಕೆಲಸವಿದೆ.

ಈಗ ನನ್ನ ದೂರು. ತಾವು ಬಂದದ್ದಕ್ಕೆ ನನ್ನ ತಕರಾರಿಲ್ಲ. ಡಿಜೆ ಬಂದಾಗಿನಿಂದ ನಮ್ಮ ಸೀಸನ್ನು ಸೊರಗಿರುವುದು ಖರೆ, ಅದನ್ನು ಹೇಳಲು ಲ್ಯಾಟಿನ್ ಬೇಕಿರಲಿಲ್ಲ. ಆದರೆ ತಮ್ಮ ಹೆಸರು ಕೇಳಿದ ನಮ್ಮ ಮಂದಿ, ಅದು ಯಾವುದೋ ದೊಡ್ಡ ಬೇನೆಯಂತೆ ನಮಗೆ ತಗಲಿದೆ ಎಂದು ಮರುಗಿ, ಮಾತಾಡಿಸಲು ಬರತೊಡಗಿದರು. ಆರಾಮಿಲ್ಲದವರ ಮನೆಗೆ ಹೋಗಿ ಮಾತಾಡಿಸಿ ಬರುವುದು ನಮ್ಮಲ್ಲಿ ಊಟ ಮಾಡಿದಷ್ಟೇ ಸಹಜ. ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಮೂಡಲಗಿಯವರು ಬಾಳೆಹಣ್ಣು ತಂದರು, ಬೆಲ್ಲದ ಬಾಗೇವಾಡಿಯವರು ಬಿಸ್ಕೀಟ್ ಪುಡೆ ತಂದರು, ಒಬ್ಬರು ಎಳನೀರನ್ನೇ ತಂದು ನಾನು ಕುಡಿದು ಮುಗಿಸುವವರೆಗೂ ಎದುರಿಗೆ ಕುಳಿತರು. ನನ್ನ ಹೆಂಡತಿ ಮೈನಾಬಿ ಎಲ್ಲರಿಗೂ ಚಹಾ ಮಾಡಿ ಮಾಡಿ ಸಕ್ಕರೆ ಹೆಚ್ಚಿತು. ಡಬ್ಬಿ ಖಾಲಿಯಾದರೂ ಖಾಲಿ ಎನ್ನದೆ ಹೆಚ್ಚಿತು ಎನ್ನುವುದು ನಮ್ಮ ಮನೆಗಳ ರೂಢಿ. ಇಂಥ ಮನೆಗಳಿಗೆ ತಾವು ಹೇಳದೆ ಕೇಳದೆ ನುಗ್ಗಿದಿರಿ.

ಬಂದವರು ಬರೀ ಮರುಗಿ ಹೋಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ತುಕ್ಕಾನಟ್ಟಿಯ ಶಿವಗಂಗವ್ವನವರು ತಮ್ಮ ಹಿರಿಯ ಮಕ್ಕಳೆಲ್ಲರ ಲಗ್ನಕ್ಕೂ ನಮ್ಮನ್ನೇ ಕರೆಸಿದವರು. ಕಿರಿಯ ಮಗ ಮಾಳುವಿನ ಲಗ್ನಕ್ಕೂ ಎಲೆ ಅಡಿಕೆ ಕೊಟ್ಟು ಹೇಳಿ ಹೋಗಿದ್ದರು. ಅವರು ಬಂದು ನನ್ನ ಕೈ ಹಿಡಿದುಕೊಂಡು, “ಗೌಸಣ್ಣ, ಈ ಸಲ ನೀವು ತ್ರಾಸ ತಗೋಬ್ಯಾಡ್ರಿ. ಡಿಜೆ ಹೇಳೇವಿ. ನೀವೆಲ್ಲಾರೂ ಉಣ್ಣಾಕ ಬರ್ರಿ, ಆರಾಮ ಕುಂಡರ್ರಿ” ಎಂದರು. ಸಿಟ್ಟಿನಿಂದ ಬಿಡಿಸಿದ ಕೆಲಸಕ್ಕಾದರೆ ಜಗಳವಾಡಬಹುದು, ಕರುಣೆಯಿಂದ ಬಿಡಿಸಿದ್ದಕ್ಕೆ ಏನು ಮಾಡಬೇಕು ಎಂದು ತಾವೇ ತಿಳಿಸಬೇಕು. ಅವರ ಹಿಂದೆಯೇ ಲಗ್ನಕ್ಕೆ ಹೇಳಿದ್ದ ಉಳಿದವರೂ ಒಬ್ಬೊಬ್ಬರಾಗಿ ನಮಗೆ ವಿಶ್ರಾಂತಿ ದಯಪಾಲಿಸಿದರು. ನಮ್ಮ ದೊಡ್ಡ ಡೋಲಿನ ಯಲ್ಲಪ್ಪ ಡೋಲನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಈ ಸೀಸನ್ನಿಗೆ ಕಂಪನಿ ಮುಗಿಯಿತೆಂದು ತಿಳಿಯಿರಿ ಎಂದ. ಅವನು ಹೋದರೆ ಬ್ಯಾಂಡಿನ ಉಳಿದವರೂ ಹೋಗುತ್ತಾರೆ. ನನ್ನ ಅಪ್ಪ ಕಟ್ಟಿದ ಕಂಪನಿ ಬಾಳೆಹಣ್ಣು ತಿನ್ನುತ್ತ ಮುಳುಗುವುದನ್ನು ನೋಡಿ ನನಗೆ ಅನ್ನ ಸೇರಲಿಲ್ಲ.

ಮಾಳುವಿನ ಲಗ್ನಕ್ಕೆ ಹೋದೆವು. ಜನ್ಮದಲ್ಲಿ ಮೊದಲ ಸಲ ಕೋಟಿಲ್ಲದೆ, ಬೀಗರ ಹಾಗೆ ಕುರ್ಚಿಯ ಮೇಲೆ ಕುಳಿತೆವು. ಉಣ್ಣಲು ಹೊರಟವನು ಕ್ಲಾರಿನೆಟ್ಟಿನ ಚೀಲ ಏಕೆ ಒಯ್ದೆ ಎಂದು ಮೈನಾಬಿ ಇನ್ನೂ ಕೇಳುತ್ತಾಳೆ, ನನಗೂ ಗೊತ್ತಿಲ್ಲ. ಡಿಜೆಯವರು ಮುಂಜಾನೆಯೆಲ್ಲ ಊರಿನ ಮನೆಗಳ ಪತ್ರಾಸು ತಗಡುಗಳನ್ನು ನಡುಗಿಸಿ, ಸರಿಯಾಗಿ ಅಕ್ಕಿಕಾಳು ಹಾಕುವ ಹೊತ್ತಿಗೆ ಎಲ್ಲವನ್ನೂ ಬಂದ್ ಮಾಡಿ ಊಟಕ್ಕೆ ಕುಳಿತಿದ್ದರು. ಅಯ್ಯನವರು ಮಂತ್ರ ಮುಗಿಸಿ ಕೈ ಎತ್ತಿದರು. ಅದು ಮುಂದಿನ ಸಾಲಿನವರಿಗೆ ಮಾತ್ರ ಕಂಡಿತು. ನಮ್ಮ ಕಡೆ ಅಕ್ಕಿಕಾಳು ಬೀಳುವುದು ಬ್ಯಾಂಡು ಒಮ್ಮೆಲೇ ಎದ್ದಾಗ. ಚಪ್ಪರದ ಹಿಂದಿನವರು, ಹೊರಗೆ ನಿಂತವರು, ಪಂಕ್ತಿ ಬಡಿಸುವವರು, ಎಲ್ಲರೂ ಮುಷ್ಟಿ ಕಟ್ಟಿಕೊಂಡು ಕಾಯುವುದು ಆ ಸದ್ದಿಗಾಗಿ. ಅವತ್ತು ಸದ್ದಿಲ್ಲ. ಮದುಮಕ್ಕಳ ತಲೆಯ ಮೇಲೆ ನಾಲ್ಕು ಕಾಳು ಬಿದ್ದು ನಿಂತವು. ಶಿವಗಂಗವ್ವನವರ ಕಣ್ಣು ತುಂಬಿ ಬಂತು, ಅವರು ಸುತ್ತ ನೋಡುತ್ತ ನಾವು ಕುಳಿತ ಕಡೆ ತಿರುಗಿದರು.

ಯಲ್ಲಪ್ಪ ನನ್ನನ್ನು ಕೇಳಲಿಲ್ಲ. ಎದ್ದವನೇ ಅಡುಗೆಯವರ ಖಾಲಿ ಹಂಡೆಯನ್ನು ಬೋರಲು ಹಾಕಿ ಸೌಟಿನಿಂದ ಬಾರಿಸಿದ. ನಾನು ಕ್ಲಾರಿನೆಟ್ ತೆಗೆದೆ. ಸಾಹೇಬರೇ, ಇಡೀ ಚಪ್ಪರ ಕೈ ಎತ್ತಿತು. ರಸ್ತೆಯಲ್ಲಿದ್ದವರು ಓಡಿ ಬಂದು ಎಸೆದರು. ಮದುಮಕ್ಕಳ ಮೇಲೆ, ಅಯ್ಯನವರ ಮೇಲೆ, ಬಾರಿಸುವ ಹಂಡೆಯ ಮೇಲೆ, ನನ್ನ ಅಂಗಿಯ ಕೊರಳಿನೊಳಗೆಲ್ಲ ಅಕ್ಕಿ ಬಿತ್ತು. ನನಗೆ ಅಳು ಬಂತು, ಊದುವವನು ಅಳಬಾರದೆಂದು ತಡೆದುಕೊಂಡೆ.

ಊಟವಾದ ಮೇಲೆ ಶಿವಗಂಗವ್ವನವರು ಬಂದು, “ನಿಮಗ ತ್ರಾಸ ಆಗ್ತೈತಂತ ಬಿಟ್ಟಿದ್ನಿರಿ. ಡಿಜೆ ಕುಣ್ಯಾಕ ಇರ್ಲಿ. ಕಾಳು ಬೀಳಾಕ ನೀವ ಬೇಕ್ರಿ” ಎಂದು, ತಮ್ಮ ಅಣ್ಣನ ಮಗಳು ದಾನೇಶ್ವರಿಯ ಲಗ್ನಕ್ಕೆಂದು ಯಲ್ಲಪ್ಪನ ಕೈಗೆ ಎಲ್ಲರ ಎದುರು ಎಲೆ ಅಡಿಕೆ ಇಟ್ಟರು. ಅವನು ಮರುದಿನ ಡೋಲನ್ನು ಗೂಟದಿಂದ ಇಳಿಸಿ ಹಗ್ಗ ಬಿಗಿದ. ನಮ್ಮನ್ನು ಬಿಟ್ಟ ಉಳಿದ ಲಗ್ನದವರು ಇನ್ನೂ ತಿರುಗಿ ಬಂದಿಲ್ಲ, ಬಾಳೆಹಣ್ಣು ಮಾತ್ರ ಬರುತ್ತಲೇ ಇದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ನಿಘಂಟು ಮತ್ತೊಮ್ಮೆ ತೆಗೆದು ನೋಡಿದ ಗುಲ್ನಾಜ, ಹಾಡಿನ ಕೊನೆಯಲ್ಲಿ ಸ್ವರ ಇಳಿದು ನೆಲೆ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಕ್ಯಾಡೆನ್ಸ್ ಎನ್ನುತ್ತಾರೆಂದೂ, ಗೋಕಾಕದಲ್ಲಿ ಧುಮುಕುವ ನೀರಿಗೆ ಕ್ಯಾಸ್ಕೇಡ್ ಎನ್ನಬಹುದೆಂದೂ, ಅವರಿಬ್ಬರೂ ತಮ್ಮ ಬಳಗವೇ ಎಂದೂ ಹೇಳಿದಳು. ಕ್ಯಾಸ್ಕೇಡ್ ಅವರು ಬಿದ್ದು, ಕರೆಂಟು ಹುಟ್ಟಿಸಿ ಗೋಕಾಕದ ನೂಲಿನ ಗಿರಣಿ ನಡೆಸಿದರು. ಕ್ಯಾಡೆನ್ಸ್ ಅವರು ದಿನಾ ನನ್ನ ಕ್ಲಾರಿನೆಟ್ಟಿನಲ್ಲಿ ಇಳಿದು ಮುಂದಿನ ಹಾಡಿಗೆ ದಾರಿ ಬಿಡುತ್ತಾರೆ. ಬೀಳುವ ಮನೆತನದಲ್ಲಿ ಹುಟ್ಟಿ ದುಡಿಯದೆ ಕುಳಿತವರು ತಾವೊಬ್ಬರೇ. ದಯವಿಟ್ಟು ದಾನೇಶ್ವರಿಯ ಲಗ್ನದ ದಿನ ಬಂದು ನಮ್ಮ ಝಾಂಜು ಹಿಡಿದು ತಾಳ ಹಾಕಬೇಕು, ಇಲ್ಲವೇ ಮನೆಯಲ್ಲಿ ರಾಶಿಬಿದ್ದ ಬಾಳೆಹಣ್ಣನ್ನಾದರೂ ತಿಂದು ಮುಗಿಸಬೇಕು. ಎರಡೂ ಆಗದಿದ್ದರೆ ಘಟಪ್ರಭಾ ಸ್ಟೇಷನ್ನಿನವರೆಗೆ ತಮ್ಮನ್ನು ಹಾರ ಹಾಕಿ, ಮೆರವಣಿಗೆಯಲ್ಲಿ ಒಯ್ದು, ಯಾವುದಾದರೂ ರೈಲು ಹತ್ತಿಸಿ ಬೀಳ್ಕೊಡಲು ಕಂಪನಿ ಸಿದ್ಧವಿದೆ.

ಹಂಡೆ ಬಾರಿಸಿಯಾದರೂ ಲಗ್ನ ನಡೆಸುವ,
ತಮ್ಮ ವಿಶ್ವಾಸಿ,
ಮಹಮ್ಮದಗೌಸ
ಗುಲ್‌ಬಹಾರ್ ಬ್ರಾಸ್ ಬ್ಯಾಂಡ್ ಕಂಪನಿ, ಘಟಪ್ರಭಾ

ತಾಜಾ ಕಲಂ: ತಮ್ಮನ್ನು ಸಭೆಗೆ ಪರಿಚಯಿಸಿದ ಮುಖ್ಯ ಅತಿಥಿಗಳು ನಿನ್ನೆ ಫೋನು ಮಾಡಿದ್ದರು. ಅವರ ಮಗಳ ಲಗ್ನ ಹುಕ್ಕೇರಿಯಲ್ಲಂತೆ. ಬೀಗರು ಬ್ಯಾಂಡಿಲ್ಲದೆ ಆಗುವುದಿಲ್ಲ ಎಂದಿದ್ದಾರಂತೆ. ನಮಗೆ ಆರಾಮಿಲ್ಲ, ಮೊದಲು ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬರಬೇಕು ಎಂದು ತಿಳಿಸಿದ್ದೇವೆ. ಬಂದರೆ ಖಂಡಿತ ಹೋಗುತ್ತೇವೆ, ಕಾಳು ಬೀಳುವ ಹೊತ್ತಿಗೆ ಜೋರಾಗಿ ಬಾರಿಸುತ್ತೇವೆ. ಅವರು ಭಾಷಣಕ್ಕೆ ಎದ್ದು ನಿಂತರೆ ಇನ್ನೂ ಜೋರಾಗಿ ಬಾರಿಸುತ್ತೇವೆ.