ನನ್ನ ಹೊಟ್ಟೆ ಮತ್ತು ವಾಡಿ ರೈಲಿನ ಸೀಟು

ಹೆರಿಗೆಯಾದವಳ ಹೊಟ್ಟೆ ಅವಳೊಬ್ಬಳದೇ ಅಲ್ಲ, ಊರಿಗೆಲ್ಲ ಅದರಲ್ಲಿ ಪಾಲಿದೆ. ಆದ್ದರಿಂದ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ಮಗಳಿಗೆ ಎರಡು ತುಂಬಿದರೂ ಅವಳು ಹೊರಗೆ ಬಂದ ಸುದ್ದಿ ನನ್ನ ಹೊಟ್ಟೆಗೆ ತಲುಪಿರಲಿಲ್ಲ. ಹೊಟ್ಟೆ ಕಾಣುತ್ತದೆಂಬ ದುಃಖ ನನಗಿರಲಿಲ್ಲ. ಮಗಳು ಎರಡೂ ಕೈ ಚಾಚಿ "ಅವ್ವಾ, ಎತ್ಕೋ" ಎಂದಾಗ ಸೊಂಟ ಹಿಡಿದುಕೊಂಡು ನಾನೇ ನೆಲಕ್ಕೆ ಕೂರಬೇಕಾಗುತ್ತಿತ್ತಲ್ಲ, ಅದು ಮಾತ್ರ ಕರುಳಿಗೆ ತಾಕುತ್ತಿತ್ತು.

1. ಕಟ್ಟಿದವರು ಯಾರು?

ಶಹಾಬಾದಿನ ಫಿಜಿಯೋಥೆರಪಿ ಮೇಡಂ ನನ್ನನ್ನು ಮಲಗಿಸಿ, ತಲೆ ಎತ್ತಿಸಿ, ಹೊಕ್ಕುಳ ಮೇಲೆ ಬೆರಳಿಟ್ಟು ಅಳೆದರು.

"ಮೂರು ಬೆರಳು ಸಂದು ಅದರಿ. ಬಸುರಿದ್ದಾಗ ಹೊಟ್ಟಿ ಸ್ನಾಯು ದೂರ ಸರದಾವ, ತಿರುಗಿ ಕೂಡಿಲ್ಲ. ಅದಕ್ಕೇ ಸೊಂಟ ನೋಯಾಕತ್ತದ. ದಿನಾ ವ್ಯಾಯಾಮ ಮಾಡ್ರಿ."

ಸೇಡಂನ ಮನೆಗೆ ಬಂದು ಇದನ್ನು ಹೇಳಿದರೆ ಅತ್ತೆ ವ್ಯಾಯಾಮದ ಮಾತೇ ಎತ್ತಲಿಲ್ಲ. ನಮ್ಮ ಕಡೆ ಬಾಣಂತಿಯ ಹೊಟ್ಟೆಗೆ ಹಳೇ ಬಟ್ಟೆ ಬಿಗಿಯಾಗಿ ಸುತ್ತುತ್ತಾರೆ. ನನ್ನ ಬಾಣಂತನ ಆದದ್ದು ಚಿಂಚೋಳಿಯ ತವರಿನಲ್ಲಿ.

"ಹೊಟ್ಟಿ ಕಟ್ಟಿದ್ದು ನಿಮ್ಮವ್ವನೇ ಹೌದಲ್ಲ? ನಾವು ತೆಂಗಳಿಯವರು ಕಟ್ಟಿದ್ರ ಮೂರು ಬೆರಳಲ್ಲ, ಒಂದು ಕೂದಲೂ ಹೋಗ್ತಿರಲಿಲ್ಲ" ಎಂದರು ಅತ್ತೆ. ತೆಂಗಳಿ ಅವರ ತವರು.

ಫೋನಿನಲ್ಲಿ ಅವ್ವ ಅತ್ತೆಗೆ ಹೇಳಿದಳು: "ನಾ ಬಿಗಿಯಾಗೇ ಕಟ್ಟೀನ್ರಿ. ನಿಮ್ಮ ಮನೀಗಿ ಬಂದ ಮ್ಯಾಲೆ ಯಾರು ಬಿಚ್ಚಿದ್ರು, ಅದನ್ನ ಕೇಳ್ರಿ."

ಮರುದಿನ ಅತ್ತೆ, ಎರಡು ವರ್ಷ ತಡವಾಗಿ, ಮಾವನ ಹಳೇ ಧೋತರದಿಂದ ನನ್ನ ಹೊಟ್ಟೆ ಕಟ್ಟಿ ವಾಡಿಯ ಶಾಲೆಗೆ ಕಳಿಸಿದರು. ಅವತ್ತು ಪಾಠ ಮಾಡುವಾಗ ನಾನು ಬಗ್ಗಲಿಲ್ಲ, ಕೂರಲಿಲ್ಲ, ಮಕ್ಕಳನ್ನು ಬೈಯಲು ಉಸಿರೂ ಇರಲಿಲ್ಲ. ಸಂಜೆ ಹೆಡ್ ಮಾಸ್ತರರು ಎಲ್ಲರೆದುರು, "ಶಿಸ್ತಂದ್ರ ಏನಂತ ಈ ಮೇಡಂ ಅವರ್ನ ನೋಡಿ ಕಲೀರಿ" ಎಂದರು.

2. ಬಿಸಿನೀರು

ಧೋತರ ಬಿಚ್ಚಿಟ್ಟು ವ್ಯಾಯಾಮಕ್ಕೆ ಬಂದೆ. ಬೆಳಿಗ್ಗೆ ಪರಶಿ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ, ಅಂಗಾತ ಮಲಗಿ, ಮೊಣಕಾಲು ಮಡಚಿ, "ಹೂ..." ಎಂದು ಉಸಿರು ಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆ ಎಳೆಯಬೇಕು. ಎಣಿಸುವ ಕೆಲಸ ಅತ್ತೆ ವಹಿಸಿಕೊಂಡರು. ಆರರ ನಂತರ ಲೆಕ್ಕ ತಪ್ಪಿ, "ಇನ್ನೊಂದ್ಸಲ! ಆತು ಆತು, ಇನ್ನೊಂದೇ!" ಎಂದು ಹುರಿದುಂಬಿಸತೊಡಗಿದರು.

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. ಸ್ವಲ್ಪ ಹೊತ್ತಿಗೆ ಕುದಿವ ನೀರಿನ ಪಾತ್ರೆ ಹಿಡಿದು ಒಳಗೇ ಬಂದಳು.

"ಒಂದು ಮಾತು ಹೇಳಬಾರದೇನ್ರಿ? ಬಾಗಲಾಗ ಆಟೋ ನಿಂದ್ರಸೀನಿ!"

ಇದು ವ್ಯಾಯಾಮ ಎಂದೆ. "ಆಗಲಿ, ವ್ಯಾಯಾಮನೇ ಆಗಲಿ. ಮುಗಿಯೋತನಕ ನಾ ಕುಂದರ್ತೀನಿ" ಎಂದು ಕುಳಿತೇಬಿಟ್ಟಳು. ಏನೂ ಹುಟ್ಟಲಿಲ್ಲ. ಆ ನೀರಿನಲ್ಲಿ ಚಹಾ ಮಾಡಿದೆವು, ಆಟೋದವನೂ ಕುಡಿದು ಹೋದ.

3. ಕುಲಾಯಿ

ಸೇಡಂನಿಂದ ವಾಡಿಗೆ ನಾನು ದಿನಾ ಹೋಗುವ ರೈಲಿನ ಡಬ್ಬಿಗೆ ಹೊಲಿಗೆ ಕೆಲಸದ ಹಿರಿಯ ಹೆಂಗಸೊಬ್ಬರು ಆಗಷ್ಟೇ ಬರತೊಡಗಿದ್ದರು; ಎಲ್ಲರಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ. ಧೋತರ ಬಿಟ್ಟ ಮೊದಲ ದಿನವೇ ನನ್ನ ಹೊಟ್ಟೆ ನೋಡಿ ಎದ್ದು ನಿಂತರು.

"ಕುಂದ್ರವ್ವ. ಇಂಥಾ ಹಾಲತ್‌ನ್ಯಾಗ ನಿಂದ್ರಬಾರ್ದು."

ನಾನು ಸುಳ್ಳು ಹೇಳಲಿಲ್ಲ. ಸೊಂಟ ಭಾಳ ನೋಯುತ್ತಿತ್ತು, ಸುಮ್ಮನೆ ಕುಳಿತೆ. ಅಲ್ಲಿಂದ ಮುಂದೆ ದಿನಾ ಖಾಲಾ ಏಳುವುದು, ನಾನು ಕೂರುವುದು. ಆ ಸೀಟಿನಲ್ಲೇ ಚಿತ್ತಾಪುರ ದಾಟುವವರೆಗೆ ಹೊಟ್ಟೆ ಎಳೆಯುವ ವ್ಯಾಯಾಮ ಮಾಡುತ್ತಿದ್ದೆ. ಕೂತ ಟೊಂಗೆಯನ್ನೇ ಕಡಿಯುತ್ತಿದ್ದೇನೆಂದು ಹೊಳೆಯಲಿಲ್ಲ. ಹೀಗೆ ಹನ್ನೊಂದು ತಿಂಗಳು ಕಳೆದವು. ಮೂರು ಬೆರಳಿನ ಸಂದು ಒಂದಕ್ಕೆ ಬಂತು.

ಹೋದ ವಾರ ಮಗಳು ಅಪ್ಪನ ಜೊತೆ ನನ್ನನ್ನು ಬಿಡಲು ಸೇಡಂ ಸ್ಟೇಷನ್ನಿಗೆ ಬಂದು, ಎರಡೂ ಕೈ ಚಾಚಿದಳು. ಉಸಿರು ಬಿಟ್ಟೆ, ಹೊಕ್ಕುಳ ಎಳೆದೆ, ಎತ್ತಿಕೊಂಡೆ. ಸೊಂಟ ಚಕಾರ ಎತ್ತಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ರೈಲು ಬಂದು ನಿಂತಿತು. ಬಾಗಿಲಲ್ಲಿ, ಎರಡು ವಾರದಿಂದ ಕಾಣದಿದ್ದ ಖಾಲಾ.

"ಯಾ ಅಲ್ಲಾ, ಹೊಟ್ಟಿನೇ ಇಲ್ಲ! ಯಾವಾಗ ಹಡದಿ? ಕೂಸು ಎಲ್ಲದ?" ಎನ್ನುತ್ತಲೇ ಚೀಲದಿಂದ, ನನ್ನ ಕೂಸಿಗೆಂದೇ ಹೊಲಿದ ಜರಿ ಅಂಚಿನ ಪುಟ್ಟ ಕುಲಾಯಿ ತೆಗೆದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕೂಸು... ಇದೇ, ಖಾಲಾ" ಎಂದೆ.

ಖಾಲಾ ನನ್ನ ಕಂಕುಳಲ್ಲಿದ್ದವಳನ್ನು ನೋಡಿದರು. ಅವಳು, "ನಾ ಅಂಗನವಾಡಿಗಿ ಹೋಗ್ತೀನಿ" ಎಂದು ಪರಿಚಯ ಹೇಳಿಕೊಂಡಳು. ಖಾಲಾ ಕುಲಾಯಿ ತೊಡಿಸಿದರು. ಅದು ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂತಿತು.

"ಹನ್ನೊಂದು ತಿಂಗಳು ನಾ ಕಣ್ಣಾರೆ ಕಂಡೀನಿ" ಎಂದರು ಖಾಲಾ, ಒಂದಿಷ್ಟೂ ನಗದೆ. "ಅಷ್ಟು ದಿನ ಒಳಗಿಟ್ರ ಕೂಸು ಇಷ್ಟು ಬೆಳೀಲಾರ್ದೇ ಏನು ಮಾಡ್ತದ?"

ಆಮೇಲೆ ಒಳಗೆ ಹೋಗಿ, ತಮ್ಮ ಸೀಟಿನಲ್ಲಿ ಕಾಲು ಮಡಚಿ ಕುಳಿತರು. ನಾನು ವಾಡಿಯವರೆಗೆ ನಿಂತೇ ಹೋದೆ.